ತೊಟ್ಟಿಗೆ ಒಂದು ಜೊತೆ ಕಾಲು ಬೇಕಾಗಿದೆ

ನೆದರ್ ಕೂಮ್, ಡೆವನ್
4 ಮೇ 1978

ಉಣ್ಣೆ ವ್ಯಾಪಾರದ ವಾರಪತ್ರಿಕೆಯ ಸಂಪಾದಕರಿಗೆ,

ಸಮಸ್ತ ಇಂಗ್ಲೆಂಡಿಗೂ, ಅದರ ಸುತ್ತಲಿನ ಸಮುದ್ರಕ್ಕೂ, ಸಮುದ್ರದಾಚೆ ಇಂಗ್ಲಿಷ್ ಹೆಸರು ಹೊತ್ತು ಬಾಳುತ್ತಿರುವ ಎಲ್ಲ ಮಹಾಜನರಿಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ: ನಮ್ಮ ಊರಿನಲ್ಲಿ ಕಾಲುಗಳು ಮುಗಿದುಹೋಗಿವೆ.

ಕಾಲು ಎಂದರೆ ನಡೆದಾಡುವ ಕಾಲಲ್ಲ. ಅಂಥವು ಬೇಕಾದಷ್ಟಿವೆ, ಸಂಜೆಯಾದರೆ ಎಲ್ಲವೂ ಪಬ್ಬಿನ ಕಡೆಗೇ ಮುಖ ಮಾಡಿರುತ್ತವೆ. ನಾನು ಹೇಳುತ್ತಿರುವುದು ಹೆಸರುಳ್ಳ ಕಾಲಿನ ವಿಷಯ. ನಮ್ಮ ಕಡೆ ಹೊಸದಾಗಿ ನೇಯ್ದ ಉಣ್ಣೆ ಬಟ್ಟೆಯನ್ನು ತೊಟ್ಟಿಯಲ್ಲಿ ಹಾಕಿ, ಬರಿಗಾಲಲ್ಲಿ ತುಳಿದು ದಪ್ಪ ಮಾಡುತ್ತಿದ್ದವರಿಗೆ ಟಕರ್ ಎನ್ನುತ್ತಿದ್ದರು. ಕಸುಬು ಹೋಯಿತು, ಹೆಸರು ಉಳಿಯಿತು. ನಮ್ಮೂರಿನ ಚೌಕಟ್ಟು ಬಯಲು, ಅಂದರೆ ತುಳಿದ ಬಟ್ಟೆಯನ್ನು ಹಿಂದೆ ಕೊಕ್ಕೆಗೆ ಸಿಕ್ಕಿಸಿ ಹರವುತ್ತಿದ್ದ ಹುಲ್ಲುಗಾವಲು, ಎಸ್ಟೇಟಿನ ಆಸ್ತಿ. ಆದರೆ ಪ್ರತಿ ವರ್ಷ ಅಕ್ಟೋಬರಿನ ಮೊದಲ ಶನಿವಾರ ಒಬ್ಬ ಟಕರ್ ಎಸ್ಟೇಟಿನ ಮೇಸ್ತ್ರಿಯ ಕಣ್ಣೆದುರು ಕಲ್ಲುತೊಟ್ಟಿಗಿಳಿದು ಒಂದು ತುಂಡು ಬಟ್ಟೆ ತುಳಿದರೆ ಮುಂದಿನ ಅಕ್ಟೋಬರಿನವರೆಗೆ ಬಯಲು ಊರಿನದು. ಅಲ್ಲಿ ಮಕ್ಕಳು ಆಡುತ್ತಾರೆ, ಹಾಸಿಗೆ ಬಟ್ಟೆ ಒಣಗುತ್ತದೆ, ಒಂದು ಕತ್ತೆ ಮೇಯುತ್ತದೆ, ತುದಿಯಲ್ಲಿ ಕೆಲವು ಸೇಬಿನ ಮರಗಳಿವೆ.

ನಮ್ಮ ಕಟ್ಟಕಡೆಯ ಟಕರ್, ಜೇಬೆಜ್ ಮುದುಕರು, ಈ ಚಳಿಗಾಲದಲ್ಲಿ ತೀರಿಕೊಂಡರು. ಎಸ್ಟೇಟಿನ ಹೊಸ ಧಣಿಗಳು ಬಯಲಿನಲ್ಲಿ ಪ್ರವಾಸಿಗಳ ಗಾಡಿಮನೆಗಳನ್ನು ನಿಲ್ಲಿಸುವ ಆಸೆಯಿಂದ ಈಗಾಗಲೇ ಅಳತೆ ಟೇಪು ಹಿಡಿದು ಓಡಾಡುತ್ತಿದ್ದಾರೆ.

ಟಕರ್ ಹೆಸರಿನವರು ಯಾರಾದರೂ ಒಂದು ಜೊತೆ ಕಾಲು ಕೊಟ್ಟು ಸಹಕರಿಸಬೇಕು. ಊಟ, ಸೈಡರ್ ಎಂಬ ನಮ್ಮ ಸೇಬಿನ ಮದ್ಯ, ಒಣ ಟವೆಲ್ ಊರಿನ ಖರ್ಚು.

ಇಂತು,
ಆಂಬ್ರೋಸ್ ಫುಲ್ಲರ್
ಗೌರವ ಕಾರ್ಯದರ್ಶಿ, ತೊಟ್ಟಿ ಸಮಿತಿ


ಹೋಮ್‌ಕ್ಲಫ್, ಯಾರ್ಕ್‌ಷೈರ್
15 ಮೇ 1978

ಶ್ರೀಯುತ ಫುಲ್ಲರ್ ಅವರಿಗೆ,

ನಾನು ಟಕರ್ ಅಲ್ಲ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಮೋಸ ಆಯಿತು ಅನ್ನಬೇಡಿ. ನಾನು ವಾಕರ್. ಹುಟ್ಟಿದ್ದೂ ವಾಕರ್, ಮದುವೆಯಾದದ್ದೂ ವಾಕರ್. ಪಾದ್ರಿಗೆ ಬರೆಯುವ ಕೆಲಸದಲ್ಲಿ ಅರ್ಧ ಉಳಿತಾಯವಾಯಿತು. ಇಲ್ಲಿ ಕಣ್ಣು ಮುಚ್ಚಿ ಕಲ್ಲೆಸೆದರೆ ವಾಕರ್ ಒಬ್ಬನ ತಲೆಗೇ ಬೀಳುತ್ತದೆ. ನಮ್ಮ ಪ್ರಾರ್ಥನಾಮಂದಿರದಲ್ಲಿ "ವಾಕರ್" ಅಂತ ಕರೆದರೆ ಮುಂದಿನ ಮೂರು ಸಾಲು ಎದ್ದು ನಿಲ್ಲುತ್ತದೆ. ಅದಕ್ಕೇ ಗುಡ್ಡದ ವಾಕರ್, ಕೆಮ್ಮಿನ ವಾಕರ್, ಬಾಕಿ ವಾಕರ್ ಅಂತ ಅಡ್ಡಹೆಸರು. ನಾನು ಬಾಯಿ ವಾಕರ್. ಯಾಕೆಂದು ಕೇಳಬೇಡಿ.

ವಿಷಯ ಇದು. ನಿಮ್ಮ ಟಕರ್ ಮಾಡುತ್ತಿದ್ದ ಕೆಲಸವನ್ನೇ ಇಲ್ಲಿ ನಮ್ಮವರು ಮಾಡುತ್ತಿದ್ದರು: ತೊಟ್ಟಿಯಲ್ಲಿ ಬಟ್ಟೆ ಹಾಕುವುದು, ಅದರ ಮೇಲೆ ದಿನವಿಡೀ ನಡೆಯುವುದು, ಎಲ್ಲಿಗೂ ತಲುಪದಿರುವುದು. ನಡೆದವನು ವಾಕರ್. ಉತ್ತರದಲ್ಲಿ ಹುಟ್ಟಿದರೆ ವಾಕರ್, ನಿಮ್ಮ ಪಶ್ಚಿಮದ ಮೂಲೆಯಲ್ಲಿ ಹುಟ್ಟಿದರೆ ಟಕರ್. ಕಾಲು ಒಂದೇ, ಕೂಗುವವರು ಬೇರೆ. ಆಗ್ನೇಯದ ಕಡೆ ಇದೇ ಕಸುಬಿಗೆ ಮೂರನೆಯ ಹೆಸರೊಂದಿದೆ. ಅದನ್ನು ನಾನು ಹೇಳಬೇಕೆ? ನಿಮಗೇ ಚೆನ್ನಾಗಿ ಗೊತ್ತಿರಬೇಕು.

ಮಿಲ್ಲಿನಲ್ಲಿ ಬಟ್ಟೆಯ ಗಂಟು ಬಿಡಿಸಿ, ತೂತು ಹೊಲಿದು ಕಣ್ಣು ಸವೆಸಿದವಳು ನಾನು. ಕಾಲು ಮಾತ್ರ ಎರಡೂ ನೆಟ್ಟಗಿವೆ. ಗಂಡ ಹೋದಮೇಲೆ ಗುಡ್ಡ ಹತ್ತುವುದು, ಇಳಿಯುವುದು ಬಿಟ್ಟರೆ ಅವಕ್ಕೆ ಬೇರೆ ಉದ್ಯೋಗವಿಲ್ಲ. ಬೇಕಿದ್ದರೆ ಬಂದು ತುಳಿದುಕೊಡುತ್ತೇನೆ. ಸೈಡರ್ ನಾನು ಕುಡಿಯುವುದಿಲ್ಲ. ಚಹಾ ಇರಲಿ, ನೋಡಿದರೆ ಚಹಾ ಅನ್ನುವಷ್ಟು ಕಪ್ಪಗೆ.

ಥರ್ಜಾ ವಾಕರ್


ನೆದರ್ ಕೂಮ್
2 ಜೂನ್ 1978

ಮಾನ್ಯ ಶ್ರೀಮತಿ ವಾಕರ್ ಅವರಿಗೆ,

ತಮ್ಮ ಔದಾರ್ಯಪೂರ್ಣ ಪತ್ರವನ್ನು ಸಮಿತಿಯ ಮುಂದಿಡಲಾಯಿತು. ಸಮಿತಿ ಸೇರುವುದು ಅಂಗಡಿಯ ಶ್ರೀಮತಿ ಪೆತಿಬ್ರಿಜ್ ಅವರ ಹಿತ್ತಲ ಕೋಣೆಯಲ್ಲಿ, ಬಿಸ್ಕತ್ತಿನ ಡಬ್ಬಗಳ ನಡುವೆ. ಅಧ್ಯಕ್ಷರೂ ಅವರೇ, ಬಿಸ್ಕತ್ತೂ ಅವರದೇ. ಚರ್ಚೆ ಗಂಭೀರವಾಗಿ ನಡೆಯಿತೆಂದು ದಾಖಲಿಸಲು ಹರ್ಷಿಸುತ್ತೇನೆ.

"ಯಾರ್ಕ್‌ಷೈರ್‌ನೋಳಾ?" ಎಂದರು ರೈತ ರೆಜ್ ಲಸ್ಕಂಬ್. "ಅವಳು ಬಂದ್ರೆ ತೊಟ್ಟಿ ತುಳಿಯೋದಿರ್ಲಿ, ನಮ್ಗೇ ನೀರು ಕುಡಿಯೋದು ಹೆಂಗೆ ಅಂತ ಪಾಠ ಹೇಳ್ಕೊಡ್ತಾಳೆ."

"ನೀನು ಸುಮ್ನಿರೋ ರೆಜ್," ಎಂದರು ಅಧ್ಯಕ್ಷರು. "ನಿನ್ನ ಕಾಲು ನೀರು ಕಂಡು ಯಾವ ಕಾಲವಾಯ್ತೋ."

"ನಂದು ಹೋಗ್ಲಿ ಕಣಮ್ಮ, ಕ್ಯಾಪ್ಟನ್ ಡ್ರೂ ಒಪ್ತಾನಾ? ಟಕರ್ ಅಂದ್ರೆ ಟಕರೇ ಬೇಕು ಅಂತಾನೆ. ಅವನು ಎಸ್ಟೇಟಿನ ಮೇಸ್ತ್ರಿ. ಉಪ್ಪಿಲ್ದೆ ಹುಟ್ಟಿರೋ ಮನುಷ್ಯ, ನಗೋದೇ ಗೊತ್ತಿಲ್ಲ."

ವಿಷಯವು ಸಮಿತಿಯ ಪರಿಶೀಲನೆಯಲ್ಲಿದೆ. ಈ ನಡುವೆ ನಾನು ಗೋಡೆಗೆ ಇಂಗ್ಲೆಂಡಿನ ಭೂಪಟ ಅಂಟಿಸಿ, ಟಕರ್ ಸಿಕ್ಕಲ್ಲೆಲ್ಲ ಗುಂಡುಸೂಜಿ ಚುಚ್ಚುತ್ತಿದ್ದೇನೆ. ಡೆವನ್, ಸಾಮರ್‌ಸೆಟ್, ಕಾರ್ನ್‌ವಾಲ್ ಮೈಮೇಲೆ ಮುಳ್ಳುಹಂದಿಯಂತೆ ಸೂಜಿ ಎದ್ದಿವೆ. ಹಿಂದೆ ಮೀನು ಹಿಡಿಯಲು ಹೋದವರು ಸಮುದ್ರದಾಚೆ ನ್ಯೂಫೌಂಡ್‌ಲೆಂಡಿನಲ್ಲೂ ಉಳಿದುಕೊಂಡಿದ್ದಾರೆ. ಅಲ್ಲಿನ ಟಕರ್ ಒಬ್ಬರು ಬರಲು ಸಿದ್ಧ, ಹಡಗಿನ ಚೀಟಿ ಕಳಿಸಿ ಎಂದು ಬರೆದಿದ್ದಾರೆ. ಪ್ರಪಂಚದ ತುಂಬ ಟಕರುಗಳು. ನಮ್ಮೂರಿನಲ್ಲಿ ಮಾತ್ರ ಒಂದು ಸೂಜಿಯ ಜಾಗ ಖಾಲಿ.

ವಿಶ್ವಾಸಿ,
ಆಂಬ್ರೋಸ್ ಫುಲ್ಲರ್


ಹೋಮ್‌ಕ್ಲಫ್
20 ಜೂನ್ 1978

ಫುಲ್ಲರ್ ಅವರೇ,

ಪರಿಶೀಲನೆ ಅಂದರೆ ನಮ್ಮ ಕಡೆ ಒಪ್ಪಿಗೆ ಅಂತಲೇ ಅರ್ಥ. ಒಲ್ಲೆ ಅನ್ನುವವರು ಒಲ್ಲೆ ಅನ್ನುತ್ತಾರೆ, ಉಗಿದು ಅನ್ನುತ್ತಾರೆ. ಹಾಗಾಗಿ ಅಕ್ಟೋಬರಿಗೆ ರೈಲು ಟಿಕೆಟ್ ತೆಗೆದಿದ್ದೇನೆ.

ಅಭ್ಯಾಸವೂ ಶುರುವಾಗಿದೆ. ಅಂಗಳದಲ್ಲಿ ತಗಡಿನ ಸ್ನಾನದ ತೊಟ್ಟಿ ಇಟ್ಟು, ಹಳೆಯ ಕಂಬಳಿ ಹಾಕಿ ತುಳಿಯುತ್ತಿದ್ದೆ. ಪಕ್ಕದ ಮನೆಯ ಹಿಲ್ಡಾ ಗೋಡೆ ಮೇಲಿಂದ ಇಣುಕಿದಳು.

"ಥರ್ಜಾ, ಅದೇನೇ ಅದು? ದ್ರಾಕ್ಷಿ ಸಾರಾಯಿನಾ?"

"ಕಂಬಳಿ ಕಣೇ."

"ಕಂಬಳಿ ಸಾರಾಯಿನಾ?"

ನಿಮ್ಮ ಸಮಿತಿಗೆ ತುಳಿಯುವುದು ಗೊತ್ತಿದೆಯೋ ಇಲ್ಲವೋ, ಬರೆದಿಡುತ್ತೇನೆ. ಬೆರಳಲ್ಲಿ ತುಳಿಯಬಾರದು, ಹಿಮ್ಮಡಿಯಲ್ಲಿ ತುಳಿಯಬೇಕು. ನೀರು ಕೈ ತಡೆಯುವಷ್ಟು ಬಿಸಿ ಇರಬೇಕು. ಒಂದೇ ಕಡೆ ಕುಣಿಯಬಾರದು. ಬಟ್ಟೆಯ ಮಡಿಕೆ ಬದಲಿಸುತ್ತ ಇರಬೇಕು, ಇಲ್ಲದಿದ್ದರೆ ಒಂದು ಕಡೆ ಕೋಟು, ಇನ್ನೊಂದು ಕಡೆ ಜಾಳಿಗೆ. ಮೊದಲು ಅದು ಕಾಲಿಗೆ ಆರಿದ ಗಂಜಿಯ ಕೆನೆಯಂತಿರುತ್ತದೆ. ಒದ್ದೆ ನಾಯಿಯಂತೆ ಆದಾಗ ನಿಲ್ಲಿಸಬೇಕು. ಸರಿಯಾಗಿ ತುಳಿದ ಬಟ್ಟೆಯಲ್ಲಿ ನೀರು ಹುಯ್ದರೆ ನಿಲ್ಲುತ್ತದೆ. ಇನ್ನೊಂದು ಮಾತು: ಹಳಬರು ಸೋಪಿನ ಬದಲು ಮನೆಮನೆಯಿಂದ ಹಳಸಿದ ಮೂತ್ರ ಸಂಗ್ರಹಿಸುತ್ತಿದ್ದರು. ಸಂಪ್ರದಾಯ ಅಂದರೆ ಪೂರ್ತಿ ಸಂಪ್ರದಾಯವೋ, ಅಥವಾ ಸೋಪೋ? ಇದನ್ನು ಮೊದಲೇ ತಿಳಿಸಿ. ಯಾವ ಸ್ಕರ್ಟ್ ತರಬೇಕೆಂದು ನೋಡಬೇಕು.

ಮೂರನೆಯ ಹೆಸರಿನ ಬಗ್ಗೆ ನೀವು ಚಕಾರ ಎತ್ತಲಿಲ್ಲ. ಗೊತ್ತಿಲ್ಲವೋ, ಗೊತ್ತಿಲ್ಲದ ಹಾಗೆ ಇದ್ದೀರೋ?

ಥರ್ಜಾ ವಾಕರ್


ನೆದರ್ ಕೂಮ್
29 ಜುಲೈ 1978

ಮಾನ್ಯ ಶ್ರೀಮತಿ ವಾಕರ್,

ಉತ್ತರ ತಡವಾಯಿತು. ಸೋಪು.

ಪ್ಲಿಮತ್‌ನಲ್ಲಿ ಡೆಸ್ಮಂಡ್ ಟಕರ್ ಎಂಬ ದಂತವೈದ್ಯರು ದೊರೆತರು. ಕಾರಿನಲ್ಲಿ ಬಂದು ತೊಟ್ಟಿಯನ್ನು ಹಲ್ಲು ನೋಡುವ ಹಾಗೆ ಬಗ್ಗಿ ನೋಡಿದರು. "ರಬ್ಬರ್ ಬೂಟ್ ಹಾಕ್ಕೊಂಡು ತುಳಿದ್ರೆ ನಡೆಯುತ್ತಾ?" ಎಂದು ಕೇಳಿದರು. "ನಡೆಯುತ್ತೆ ಡಾಕ್ಟ್ರೇ, ನೀವೂ ಬೂಟ್ ಬಾಯಲ್ಲಿಟ್ಕೊಂಡು ಹಲ್ಲು ಕೀಳೋದಾದ್ರೆ," ಎಂದರು ಲಸ್ಕಂಬ್. ಹೋದವರು ಕಾಲಿನ ಚಳಿಹುಣ್ಣಿನ ಬಗ್ಗೆ ತಾವೇ ತಮಗೆ ಬರೆದುಕೊಂಡ ಪ್ರಮಾಣಪತ್ರ ಕಳಿಸಿದರು. ಬ್ರಿಸ್ಟಲ್‌ನ ಟಕರ್ ಒಬ್ಬರು ಕಾಲಿಗೆ ದಿನಗೂಲಿ ಕೇಳಿದರು, ಅದೂ ಕಾಲೊಂದಕ್ಕೆ ಬೇರೆ ಬೇರೆ.

ತಮ್ಮ ವಿಷಯ. ಪರಿಶೀಲನೆ ಎಂದು ನಾನು ಬರೆದದ್ದು ಸಭ್ಯತೆಗೆ. ಸಮಿತಿ ಮೊದಲ ದಿನವೇ ಬೇಡವೆಂದಿತ್ತು. ತಾವು ವಾಕರ್ ಎಂಬುದಕ್ಕಲ್ಲ, ಯಾರ್ಕ್‌ಷೈರಿನವರು ಎಂಬುದಕ್ಕೆ. ಟಿಕೆಟ್ ತೆಗೆಯುತ್ತೀರೆಂದು ನಾನು ಭಾವಿಸಿರಲಿಲ್ಲ. ಕಂಬಳಿಯ ಬಗ್ಗೆಯೂ ವಿಷಾದವಿದೆ.

ಬಯಲಿನ ತುದಿಯ ಸೇಬು ಈ ವರ್ಷ ವಿಪರೀತ ಕಚ್ಚಿದೆ. ಅದರಲ್ಲೊಂದು ಮರ ತೀರಿಹೋದ ನನ್ನ ಹೆಂಡತಿ ಲವ್‌ಡೇ ನೆಟ್ಟದ್ದು. ಆಕೆ ಈ ಊರಿನವಳು. ಹಣ್ಣಾಗುವ ಹೊತ್ತಿಗೆ ಮರದ ಕೆಳಗೆ ಯಾರ ಗಾಡಿ ನಿಂತಿರುತ್ತದೋ ತಿಳಿಯದು. ಇದನ್ನು ಕಾರ್ಯದರ್ಶಿಯಾಗಿ ಬರೆದದ್ದಲ್ಲ.

ಆಂಬ್ರೋಸ್ ಫುಲ್ಲರ್


(ಪೋಸ್ಟ್ ಕಾರ್ಡ್)
ಹೋಮ್‌ಕ್ಲಫ್
4 ಸೆಪ್ಟೆಂಬರ್ 1978

ಆಂಬ್ರೋಸ್ ಫುಲ್ಲರ್ ಅವರಿಗೆ. ಐದು ವಾರ ಸಿಟ್ಟಲ್ಲಿದ್ದೆ, ಈಗ ಇಳಿದಿದೆ. ನಾನೇ ಬರಬೇಕೆಂಬ ಆಸೆಗೆ ಬಾಯಿ ಮುಚ್ಚಿಕೊಂಡಿದ್ದೆ. ಬಾಯಿ ವಾಕರ್‌ಗೆ ಅದು ಸಣ್ಣ ಕೆಲಸವಲ್ಲ. ಕೇಳಿ. ಉತ್ತರದಲ್ಲಿ ವಾಕರ್. ಪಶ್ಚಿಮದಲ್ಲಿ ಟಕರ್. ಕೆಂಟ್, ಸಸೆಕ್ಸ್ ಕಡೆ ಅದೇ ತೊಟ್ಟಿ, ಅದೇ ಬಟ್ಟೆ, ಅದೇ ಕಾಲು: ಫುಲ್ಲರ್. ನಿಮ್ಮ ಸಮಿತಿ ಬಟ್ಟೆ ತುಳಿಯುವವನನ್ನು ಹುಡುಕಲು ಬಟ್ಟೆ ತುಳಿಯುವವನ ಕೈಯಲ್ಲೇ ಕಾಗದ ಬರೆಸುತ್ತಿದೆ! ನೀವೇ ಇಳಿಯಿರಿ. ಹಿಮ್ಮಡಿ ನೆನಪಿರಲಿ.

ಬೇಕೆಂದೇ ಲಕೋಟೆ ಹಾಕಿಲ್ಲ. ಹಳ್ಳಿಯಲ್ಲಿ ಕಾರ್ಡು ಓದದ ಪೋಸ್ಟಿನವರು ಇನ್ನೂ ಹುಟ್ಟಿಲ್ಲ. ಥ. ವಾ.


ನೆದರ್ ಕೂಮ್
9 ಸೆಪ್ಟೆಂಬರ್ 1978

ಪ್ರಿಯ ಶ್ರೀಮತಿ ಥರ್ಜಾ,

ನಿಮ್ಮ ಕಾರ್ಡ್ ಊರಿಗೆ ಬೆಳಿಗ್ಗೆ ತಲುಪಿತು. ನನಗೆ ಮಧ್ಯಾಹ್ನ. ನಮ್ಮ ಪೋಸ್ಟಿನ ಮೇವಿಸ್ ಕಾರ್ಡನ್ನು ಬೇಕರಿಯಲ್ಲಿ ಓದಿ, ಪಬ್ಬಿನಲ್ಲಿ ಓದಿ, ಲಸ್ಕಂಬರ ಹಟ್ಟಿಯ ಬಾಗಿಲಲ್ಲಿ ಅವರ ಬೇಡಿಕೆಯ ಮೇರೆಗೆ ಎರಡನೆಯ ಬಾರಿ ಓದಿ, ಕೊನೆಗೆ ನನ್ನ ಕೈಗೆ ಕೊಟ್ಟಳು. "ಒಳ್ಳೇ ಸುದ್ದಿ ಕಣ್ರೀ, ಕೂತ್ಕೊಂಡು ಓದ್ಕೊಳ್ಳಿ," ಎಂದಳು.

ನೀವು ಒಂದು ಕಡೆ ತಪ್ಪಿದಿರಿ. ನನಗೆ ಗೊತ್ತಿರಲಿಲ್ಲವೆಂದು ತಿಳಿದಿರಿ. ಗೊತ್ತಿತ್ತು. ಮದುವೆಯಾಗಿ ಸಸೆಕ್ಸ್‌ನಿಂದ ಇಲ್ಲಿಗೆ ಬಂದು ಗಡಿಯಾರ ರಿಪೇರಿಯ ಅಂಗಡಿ ಇಟ್ಟ ಹೊಸದರಲ್ಲಿ ಜೇಬೆಜ್ ಟಕರ್ ಒಮ್ಮೆ ಕಾಲು ಉಳುಕಿಸಿಕೊಂಡಿದ್ದರು. ಆಗ ಲವ್‌ಡೇ ಊರಿನ ಸಭೆಯಲ್ಲಿ ಎದ್ದು ನಿಂತು, "ನನ್ನ ಯಜಮಾನರು ಫುಲ್ಲರ್. ಅದೂ ಅದೇ ಕಸುಬಿನ ಹೆಸರು. ಅವರು ತುಳೀತಾರೆ," ಎಂದಳು. ಸಭೆ ನಕ್ಕಿತು. ಕೆಟ್ಟ ನಗೆಯಲ್ಲ, ಕತ್ತೆ ಕುರ್ಚಿಯ ಮೇಲೆ ಕೂತರೆ ನಗುತ್ತಾರಲ್ಲ, ಅಂಥದ್ದು. ಜೇಬೆಜ್ ಕೋಲೂರಿಕೊಂಡೇ ತುಳಿದರು. ಮನೆಗೆ ಬರುವಾಗ ಲವ್‌ಡೇ, "ನಿಮ್ಮ ಕಾಲು ನನಗೆ ಸಾಕು ಬಿಡಿ," ಎಂದಳು. ಆಮೇಲೆ ನಾವಿಬ್ಬರೂ ಆ ಮಾತು ಎತ್ತಲಿಲ್ಲ. ನಾನು ನ್ಯೂಫೌಂಡ್‌ಲೆಂಡಿಗೆ ಬರೆಯಬಲ್ಲೆ, ದಂತವೈದ್ಯರಿಗೆ ಬರೆಯಬಲ್ಲೆ. "ನಾನಿದ್ದೇನೆ" ಎಂದು ಬಿಸ್ಕತ್ತಿನ ಡಬ್ಬದಾಚೆಗೆ ಹೇಳಲಾರೆ.

ಸಂಜೆ ಶ್ರೀಮತಿ ಪೆತಿಬ್ರಿಜ್ ಬಂದರು. ಏಪ್ರನ್ ಬಿಚ್ಚಿ ಬಂದಿದ್ದರು. ಸಾವಿನ ಮನೆಗೆ ಮಾತ್ರ ಅವರು ಹಾಗೆ ಹೋಗುತ್ತಾರೆ.

"ನೀವ್ಯಾಕ್ರೀ ಬಾಯಿ ಬಿಡ್ಲಿಲ್ಲ?"

"ಒಂದ್ಸಲ ಬಿಟ್ಟಾಗಿತ್ತಲ್ಲ. ಲವ್‌ಡೇ ಬಿಟ್ಟಿದ್ಲು."

ಅವರು ನನ್ನ ಭೂಪಟದ ಕಡೆ ತಿರುಗಿ ಬಹಳ ಹೊತ್ತು ಸೂಜಿ ನೋಡಿದರು. "ಅವತ್ತು ಮೊದ್ಲು ನಕ್ಕಿದ್ದು ನಾನೇ ಅಲ್ವಾ?"

"ಎರಡನೆಯವರು ನೀವು. ಮೊದ್ಲು ನಕ್ಕಿದ್ದು ರೆಜ್."

"ಅವನು ಯಾವಾಗ್ಲೂ ಹಾಗೇ. ಎಲ್ಲಾದ್ರಲ್ಲೂ ಮುಂದೆ." ಮೇಜಿನ ಮೇಲಿದ್ದ ಸೂಜಿಯೊಂದನ್ನು ತೆಗೆದುಕೊಂಡು, ನಮ್ಮೂರಿನ ಖಾಲಿ ಜಾಗದಲ್ಲಿ ಚುಚ್ಚಿದರು. "ಉಗುರು ಕತ್ತರಿಸ್ಕೊಳ್ಳಿ. ಜೇಬೆಜ್ ಕತ್ತರಿಸ್ತಾನೇ ಇರ್ಲಿಲ್ಲ, ನೋಡೋಕಾಗ್ತಿರ್ಲಿಲ್ಲ," ಎಂದು ಹೊರಟರು.

ಕ್ಯಾಪ್ಟನ್ ಡ್ರೂ ಒಪ್ಪುತ್ತಾರೋ ಇಲ್ಲವೋ ತಿಳಿಯದು. ಅವರು ಒಪ್ಪದಿದ್ದರೆ ಬಯಲು ಹೋಗುತ್ತದೆ, ಅದೂ ನನ್ನ ಕಾಲಿನ ಮೇಲೆ ಹೋಗುತ್ತದೆ. ಮಡಿಕೆಯನ್ನು ಎಡಕ್ಕೆ ಬದಲಿಸಬೇಕೋ ಬಲಕ್ಕೋ ನೀವು ತಿಳಿಸಿಲ್ಲ. ನೀವು ಇದ್ದಿದ್ದರೆ ಚೆನ್ನಾಗಿತ್ತು ಎಂದು ಸಮಿತಿಯಲ್ಲಿ ಒಬ್ಬರ ಅಭಿಪ್ರಾಯ.

ಆಂಬ್ರೋಸ್ ಫುಲ್ಲರ್


ಹೋಮ್‌ಕ್ಲಫ್
16 ಸೆಪ್ಟೆಂಬರ್ 1978

ಆಂಬ್ರೋಸ್ ಅವರೇ,

ಎಡಕ್ಕೊಮ್ಮೆ, ಬಲಕ್ಕೊಮ್ಮೆ. ಅಷ್ಟೂ ತಿಳಿಯದೆ ಫುಲ್ಲರ್ ಅನ್ನಿಸಿಕೊಂಡಿರಲ್ಲ!

ನಾನು ಬರುವುದಿಲ್ಲ. ಸಿಟ್ಟಿನಿಂದಲ್ಲ. ನಾನು ತೊಟ್ಟಿಯ ಪಕ್ಕ ನಿಂತರೆ ಬಾಯಿ ಸುಮ್ಮನಿರುವುದಿಲ್ಲ. ಆಮೇಲೆ "ಯಾರ್ಕ್‌ಷೈರ್‌ನೋಳು ಹೇಳಿಕೊಟ್ಟು ಮಾಡಿಸಿದಳು" ಎಂದು ನಿಮ್ಮ ರೆಜ್ ಮುಂದಿನ ತಲೆಮಾರಿನವರೆಗೆ ಆಡಿಕೊಳ್ಳುತ್ತಾನೆ. ಲವ್‌ಡೇ ಹೇಳಿದ ಕೆಲಸ, ನೀವೇ ಮಾಡಿ. ಟಿಕೆಟ್ ವಾಪಸ್ ಕೊಟ್ಟುಬಿಡುತ್ತೇನೆ.

ಕಂಬಳಿಗೆ ವಿಷಾದ ಬೇಡ. ಅದು ಈಗ ಹಿಲ್ಡಾಳ ಬೆಕ್ಕಿಗೆ ಸರಿಯಾದ ಅಳತೆಗೆ ಬಂದಿದೆ.

ಥರ್ಜಾ


ನೆದರ್ ಕೂಮ್
8 ಅಕ್ಟೋಬರ್ 1978

ಪ್ರಿಯ ಥರ್ಜಾ,

ನಿನ್ನೆ ನಾನು ಇಳಿದೆ.

ಮೋಡ ಇತ್ತು, ಮಳೆ ಇರಲಿಲ್ಲ. ನೀರನ್ನು ಹಂಡೆಗಳಲ್ಲಿ ಹೊತ್ತು ತಂದಿದ್ದರು. ಕ್ಯಾಪ್ಟನ್ ಡ್ರೂ ಹೊಳೆಯುವ ಶೂ ಹಾಕಿಕೊಂಡು, ಮಡಿಸಿದ ಛತ್ರಿ ಹಿಡಿದು ಬಂದರು. ನಾನು ಪ್ಯಾಂಟು ಮೊಣಕಾಲಿಗೆ ಮಡಿಸಿ ನಿಂತದ್ದನ್ನು ಮೇಲಿಂದ ಕೆಳಗೆ ನೋಡಿದರು.

"ಇವರು ಟಕರ್ ಅಲ್ಲ."

"ಅಲ್ಲ ಸ್ವಾಮಿ, ಫುಲ್ಲರ್," ಎಂದರು ಲಸ್ಕಂಬ್. "ಅಂದ್ರೆ ಸಸೆಕ್ಸಿನ ಟಕರ್. ಆ ಕಡೆ ಹಂಗಂತಾರೆ. ಉತ್ತರದಲ್ಲಿ ವಾಕರ್ ಅಂತಾರೆ. ನಿಮ್ಗೆ ಗೊತ್ತಿರ್ಲಿಲ್ವಾ? ಥೂ, ನಮ್ಮ ಕತ್ತೆಗೂ ಗೊತ್ತು." ಅವರೇ ಅದನ್ನು ಒಪ್ಪಿ ಒಂದು ತಿಂಗಳಷ್ಟೇ ಆಗಿತ್ತು.

"ರೂಢಿಯಲ್ಲಿ ಇರೋದು ಟಕರ್ ಅಂತ. ಹೀಗೆ ನಾಳೆ ಇನ್ನೊಬ್ಬರು ಬಂದು ತಮ್ಮೂರಲ್ಲಿ ಮಿಲ್ಲರ್ ಅಂದ್ರೂ ಟಕರೇ ಅಂತಾರೆ."

ಜನ ನನ್ನ ಕಾಲು ನೋಡಿದರು. ನನ್ನ ಒಂದು ಕಾಲು ತೊಟ್ಟಿಯ ಒಳಗೆ, ಇನ್ನೊಂದು ಹೊರಗೆ. ತೆಗೆಯೋಣವೆಂದುಕೊಂಡೆ; ನಿಜ ಹೇಳುತ್ತೇನೆ, ತೆಗೆಯುವುದರಲ್ಲಿದ್ದೆ. ಶ್ರೀಮತಿ ಪೆತಿಬ್ರಿಜ್ ಮುಂದೆ ಬಂದು, "ಕ್ಯಾಪ್ಟನ್ನೇ, ಟಕರ್ ಅಂದ್ರೆ ಯಾರು? ಬಟ್ಟೆಯಲ್ಲಿ ನೀರು ನಿಲ್ಲೋ ಹಾಗೆ ತುಳಿಯೋನು. ತುಳೀಲಿ. ನೀರು ನಿಂತ್ರೆ ಟಕರ್. ಸೋರಿದ್ರೆ ನಿಮ್ಮ ಗಾಡಿ ತಂದು ನಿಲ್ಸಿ, ನಾನೇ ಬಂದು ಚಕ್ರಕ್ಕೆ ಕಲ್ಲು ಕೊಡ್ತೀನಿ," ಎಂದರು. ಊರಿನ ಎದುರು ಇಲ್ಲವೆನ್ನಲು ಕ್ಯಾಪ್ಟನ್ನರಿಗೆ ಆಗಲಿಲ್ಲ. ಸೋರುತ್ತದೆಂಬ ಧೈರ್ಯವೂ ಇತ್ತೆಂದು ಕಾಣುತ್ತದೆ.

ತುಳಿದೆ. ಹಿಮ್ಮಡಿಯಲ್ಲಿ. ಎಡಕ್ಕೊಮ್ಮೆ, ಬಲಕ್ಕೊಮ್ಮೆ. ಜೇಬೆಜ್ ಟಕರ್ ಅವರದೇನಿದ್ದರೂ ನಾಲ್ಕು ಹೆಜ್ಜೆ, ಚಪ್ಪಾಳೆ, ಸೈಡರ್. ಯಾರೂ ಅವರ ಬಟ್ಟೆಯನ್ನು ಎತ್ತಿ ನೋಡಿದವರಲ್ಲ. ನಾನೋ ತುಳಿದೆ, ತುಳಿದೆ. ಮಕ್ಕಳು ಬೇಸತ್ತು ಆಟಕ್ಕೆ ಹೋದರು, ಹೆಂಗಸರು ಚಹಾ ಮಾಡಿಕೊಂಡು ಬಂದರು, ಕತ್ತೆ ಹತ್ತಿರ ಬಂದು ನೋಡಿ ಹೋಯಿತು. "ಸಾಕಲ್ವೇನ್ರೀ?" ಎಂದರು ಲಸ್ಕಂಬ್. "ಗಂಜಿ ಕೆನೆ ಆಗಿದೆ, ನಾಯಿ ಇನ್ನೂ ಆಗಿಲ್ಲ," ಎಂದೆ. ನನಗೆ ತಲೆ ಕೆಟ್ಟಿತೆಂದು ಅವರು ಸಾವಿನ ಮನೆಯಲ್ಲಿ ತೆಗೆಯುವಂತೆ ಟೊಪ್ಪಿ ತೆಗೆದರು.

ಕೊನೆಗೆ ನಾಯಿಯಾಯಿತು. ನಾಲ್ವರು ನಾಲ್ಕು ಮೂಲೆ ಹಿಡಿದರು. ಶ್ರೀಮತಿ ಪೆತಿಬ್ರಿಜ್ ಚಹಾದ ಕೆಟಲ್ ಎತ್ತಿ, ಇದ್ದ ಚಹಾವನ್ನೆಲ್ಲ ಬಟ್ಟೆಯ ನಡುವಿಗೆ ಸುರಿದರು. ಕ್ಯಾಪ್ಟನ್ ಬಗ್ಗಿ ಕೆಳಗಿನಿಂದ ನೋಡಿದರು. ಊರೇ ಬಗ್ಗಿತು. ಚಹಾ ನಿಂತಿತು. ಬಹಳ ಹೊತ್ತಿನ ಮೇಲೆ ಒಂದೇ ಒಂದು ಹನಿ ಇಳಿದು ಅವರ ಶೂ ಮೇಲೆ ಬಿತ್ತು.

"ಸೋರ್ತು," ಎಂದರು ಕ್ಯಾಪ್ಟನ್.

"ಅದು ಸೋರಿದ್ದಲ್ಲ, ನಿಮ್ಗೆ ಚಹಾ ಕೊಟ್ಟಿದ್ದು," ಎಂದರು ಶ್ರೀಮತಿ ಪೆತಿಬ್ರಿಜ್.

ಅವರು ನಕ್ಕರು, ಥರ್ಜಾ. ಉಪ್ಪಿಲ್ಲದೆ ಹುಟ್ಟಿದ ಮನುಷ್ಯ ನಕ್ಕ. ಜನ್ಮದಲ್ಲಿ ಇಂಥ ಬಟ್ಟೆ ನೋಡಿಲ್ಲ, ಧಣಿಗಳಿಗೆ ಹಾಗೇ ಹೇಳುತ್ತೇನೆ ಎಂದು ಹೊರಟರು. ಬಯಲು ಮುಂದಿನ ಅಕ್ಟೋಬರಿನವರೆಗೆ ನಮ್ಮದು. ನಮ್ಮದು ಎಂದು ಬರೆದೆ, ಹೊಡೆದುಹಾಕುವುದಿಲ್ಲ.

ಬಟ್ಟೆಯನ್ನು ಲವ್‌ಡೇಯ ಮರದ ಬಳಿ ಬೇಲಿಗೆ ಹರವಿದ್ದೇನೆ. ಒಣಗಿದ ಮೇಲೆ ನಿಮಗೆ ಕಳಿಸೋಣವೆಂದಿದ್ದೆ. ಆದರೆ ಹಣ್ಣನ್ನು ಅಂಚೆಯಲ್ಲಿ ಕಳಿಸಿದರೆ ಜಜ್ಜಿಹೋಗುತ್ತದೆ. ಎರಡನ್ನೂ ಇಲ್ಲೇ ನೋಡುವುದು ಅನುಕೂಲವೆಂದು ಸಮಿತಿಯ, ಅಂದರೆ ನನ್ನ, ಅಭಿಪ್ರಾಯ. ಈ ಬಾರಿ ಇದು ಪರಿಶೀಲನೆಯಲ್ಲಿಲ್ಲ.

ಆಂಬ್ರೋಸ್


(ಪೋಸ್ಟ್ ಕಾರ್ಡ್)
ಹೋಮ್‌ಕ್ಲಫ್
12 ಅಕ್ಟೋಬರ್ 1978

ಆಂಬ್ರೋಸ್, ಟಿಕೆಟ್ ವಾಪಸ್ ಕೊಟ್ಟಿರಲಿಲ್ಲ. ಈಗ ಸ್ಟೇಷನ್ನಿಗೆ ಹೋಗಿ ದಿನ ಬದಲಿಸಿಕೊಂಡು ಬಂದೆ. ಬರುವ ಗುರುವಾರ ಮಧ್ಯಾಹ್ನದ ಬಸ್ಸಿಗೆ ಅಲ್ಲಿ ಇಳಿಯುತ್ತೇನೆ. ಮುಂದಿನ ವರ್ಷ ಎಡಗಾಲು ನಿಮ್ಮದು, ಬಲಗಾಲು ನನ್ನದು. ಕ್ಯಾಪ್ಟನ್ನರು ಏನನ್ನುತ್ತಾರೋ ನೋಡೋಣ. ಥರ್ಜಾ.

ಈ ಕಾರ್ಡನ್ನು ಈಗ ಓದುತ್ತಿರುವ ಮೇವಿಸ್, ನಿಮ್ಮಿಂದ ಒಂದು ಸಣ್ಣ ಉಪಕಾರವಾಗಬೇಕು. ಆ ಮನುಷ್ಯನಿಗೆ ಗುರುವಾರ ಬಸ್ ಸ್ಟಾಪಿಗೆ ಒಂದು ಕೈಗಾಡಿ ತರಲು ಹೇಳಿ, ನನ್ನ ಪೆಟ್ಟಿಗೆ ಭಾರ ಇದೆ. ಮತ್ತೆ, ಇದೊಂದು ಸಲ ಮೊದಲು ಅವರಿಗೆ ಹೇಳಿ, ಆಮೇಲೆ ಊರಿಗೆ.